ಅಂಗನವಾಡಿ ಮಕ್ಕಳಿಗೆ ಹಸೆ ಚಿತ್ತಾರ ಕಲಿಸುವುದು ಹೇಗೆ?

ಹಸೆ ಚಿತ್ತಾರ ಅಂದರೆ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಗೋಡೆ, ಬುಟ್ಟಿಗಳ ಮೇಲೆ ಕೆಮ್ಮಣ್ಣು, ಅಕ್ಕಿಹಿಟ್ಟಿನಲ್ಲಿ ಬರೆಯುವ ಚಿತ್ರ. ಅದರ ಪ್ರಿಂಟ್ ಕೊಟ್ಟು ಬಣ್ಣ ತುಂಬಿಸಿದರೆ ಮಕ್ಕಳು ಐದೇ ನಿಮಿಷಕ್ಕೆ ಎದ್ದು ಹೋಗುತ್ತಾರೆ ಎಂದು ಬರೆದಿದ್ದೀರಿ. ಪ್ರಿಂಟ್ ಬಿಟ್ಟುಬಿಡಿ. 3ರಿಂದ 5 ವರ್ಷದವರಿಗೆ ಬೇಕಾದದ್ದು ಕಲಸುವುದು, ಅದ್ದುವುದು, ಮೆತ್ತುವುದು. ಚಿತ್ತಾರದ ಜೀವವೂ ಅಲ್ಲೇ ಇದೆ.

ಗೋಡೆಯ ಹಸೆಯಿಂದ ಶುರು ಮಾಡಬೇಡಿ ಎನ್ನುತ್ತೇನೆ. ಅದು ದೀವರ ಮನೆಗಳಲ್ಲಿ ಮದುವೆಗೆ ಬರೆಯುವಂಥದ್ದು, ಎಳೆ ಎಳೆಗೂ ಲೆಕ್ಕವಿದೆ. ಚಿತ್ತಾರ ಬರೆದ ಭೂಮಿ ಹುಣ್ಣಿಮೆ ಬುಟ್ಟಿ ಮಕ್ಕಳಿಗೆ ಹತ್ತಿರ. ಆಶ್ವೀಜದ ಹುಣ್ಣಿಮೆಗೆ ಭತ್ತ ಹೊಡೆಯಾಗಿರುತ್ತದೆ (ತೆನೆ ಇನ್ನೂ ಗರಿಯೊಳಗೇ ಇರುತ್ತದೆ), ಬಸುರಿ ಭೂಮಿತಾಯಿಗೆ ಬಯಕೆಯೂಟ ಒಯ್ಯುವ ಬುಟ್ಟಿ ಅದು. ಮೊದಲು ಗದ್ದೆಗೆ ಕರೆದುಕೊಂಡು ಹೋಗಿ ಹೊಡೆ ಮುಟ್ಟಿಸಿ. ಪೂಜೆಯ ಬುಟ್ಟಿ ಮಾತ್ರ ಆಟಕ್ಕೆ ಬೇಡ, ಅಭ್ಯಾಸಕ್ಕೆ ಅಡಿಕೆ ಹಾಳೆ ಸಾಕು. ಹಾಳೆಯನ್ನು ನೆನೆಸಿ, ಕಲ್ಲು ಹೇರಿ ಚಪ್ಪಟೆಯಾಗಿ ಒಣಗಿಸಿ. ಬಣ್ಣ ಹೊರಮೈಗೆ ಹಚ್ಚಿ. ಒಳಮೈ ನುಣುಪು, ಮಣ್ಣು ಹಿಡಿಯದೆ ಉದುರುತ್ತದೆ.

ಹಾಳೆಗೆ ಮೊದಲು ಬಳಿಯುವ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿನ ಬದಲು ತಿಳಿಗಂಜಿಯಲ್ಲಿ ಕಲಸಿ. ಬರೀ ನೀರಾದರೆ ಒಣಗಿದ ಮೇಲೆ ಕೈಗೆಲ್ಲ ಅಂಟುತ್ತದೆ. ಬಿಳಿಗೆ ಅರ್ಧ ಲೋಟ ಅಕ್ಕಿ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ, ಹತ್ತು ಮಕ್ಕಳಿಗೆ ಸಾಕಾಗುತ್ತದೆ. ಹದ ನೀರ್ದೋಸೆ ಹಿಟ್ಟಿಗಿಂತ ಚೂರು ಗಟ್ಟಿ. ಮರುದಿನಕ್ಕೆ ಹುಳಿಯಾಗುತ್ತದೆ, ಇಡಬೇಡಿ. ಕಪ್ಪಿಗೆ ಅಕ್ಕಿಯನ್ನು ಕರಕಲಾಗುವಷ್ಟು ಹುರಿದು, ನೆನೆಸಿ ಅರೆಯಬೇಕು. ಅದನ್ನು ನೀವೇ ಮಾಡಿ, ಒಲೆಯ ಹತ್ತಿರ ಮಕ್ಕಳು ಬೇಡ.

ಹೆಚ್ಚಿನವರು ಎಡವುವುದು ಎರಡು ಕಡೆ. ಕೆಮ್ಮಣ್ಣು ಪೂರ್ತಿ ಒಣಗುವ ಮೊದಲೇ ಅದರ ಮೇಲೆ ಬರೆಸಿದರೆ ಬಿಳಿ ಗುಲಾಬಿಯಾಗುತ್ತದೆ. ಇನ್ನೊಂದು, ಅಕ್ಕಿಹಿಟ್ಟು ಹಸಿಯಿದ್ದಾಗ ಮಂಕಾಗಿರುತ್ತದೆ, ಒಣಗಿದ ಮೇಲೇ ಬೆಳ್ಳಗಾಗುವುದು. ಕಾಣಲಿಲ್ಲವೆಂದು ಮಕ್ಕಳು ಮೇಲೆ ಮೇಲೆ ಹಚ್ಚುತ್ತಾರೆ, ದಪ್ಪಗಾಗಿ ಬಿರಿದು ಕೀಳುತ್ತದೆ. ಒಂದು ಹಾಳೆಯಲ್ಲಿ ಮೊದಲೇ ಗೆರೆ ಎಳೆದು, ಅದು ಬೆಳ್ಳಗಾಗುವುದನ್ನು ಅವರೇ ಕಾದು ನೋಡಲಿ. ಜಡಿಮಳೆಯ ತಿಂಗಳುಗಳಲ್ಲಿ ಯಾವುದೂ ಒಣಗದೆ ಬೂಸ್ಟು ಬರುತ್ತದೆ.

ಚಿತ್ತಾರಕ್ಕೆ ಬಳಸುವ, ಪುಂಡಿ ಗಿಡದ ನಾರಿನ ಕುಂಚ ಪುಟ್ಟ ಬೆರಳಿಗೆ ಸಿಗುವುದಿಲ್ಲ. ಹೆಬ್ಬೆರಳು ದಪ್ಪದ ಕಡ್ಡಿಗೆ ನಾರು ಕಟ್ಟಿ, ತುದಿ ಜಜ್ಜಿ ಕೊಡಿ. ಮೂರು ವರ್ಷದವರು ಬೆರಳಲ್ಲಿ ಚುಕ್ಕಿ ಇಡಲಿ, ನಾಲ್ಕರವರು ಇರುವೆ ಸಾಲು, ಭತ್ತದ ಸಸಿ ಬರೆಯಲಿ. ಐದರವರು ಒಂದೆಳೆ, ಎರಡೆಳೆ ಎಳೆಯುತ್ತಾರೆ. ಗೆರೆ ಸೊಟ್ಟಗಾದರೆ ತಿದ್ದಬೇಡಿ.

ಊರಲ್ಲಿ ಚಿತ್ತಾರ ಬರೆಯುವ ಅಜ್ಜಿ ಇದ್ದರೆ ದಯವಿಟ್ಟು ಕರೆಸಿ, ಹಾಡು ಹೇಳುತ್ತಾ ಬರೆಯಲು ಕೇಳಿಕೊಳ್ಳಿ. ಯಾವ ಗೆರೆಗೆ ಏನು ಹೆಸರು ಎಂದು ಮಕ್ಕಳಿಗೆ ಹೇಳಬೇಕಾದವರು ಅವರು. ನಾವು ಅರ್ಥ ಕಟ್ಟಿ ಹೇಳಬಾರದು.