ಫೋನ್ ಫ್ರೀ ಅಂತೆ! ಹಾಗಾದರೆ ಬಿಲ್ ಯಾತಕ್ಕೆ?

ಮೊಬೈಲ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ 19 ವರ್ಷ ಕೂತು ಎದ್ದು ಬಂದವನು ನಾನು. ಸಿಮ್ ಅಂದರೇನು, ರೀಚಾರ್ಜ್ ಅಂದರೇನು ಎಂದೆಲ್ಲ ಇಲ್ಲಿ ವಿವರಿಸುವುದಿಲ್ಲ, ನಿಮಗೆ ಗೊತ್ತೇ ಇದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಬೇರೆ ಬೇರೆ ಅಂಗಿ ತೊಟ್ಟುಕೊಂಡು ಬಂದಿದೆ. ಅದಕ್ಕೆ ಮೊದಲು ಒಂದು ಚಿಕ್ಕದನ್ನು ಮುಗಿಸಿಬಿಡುತ್ತೇನೆ.

ಪ್ರೀಪೇಯ್ಡ್ ಸಿಮ್‌ಗೆ ಸಿಗ್ನಲ್ ಕಡಿಮೆ ಸಿಗುತ್ತದೆಯಂತೆ, ನಿಜವೇ?

ಇಲ್ಲ. ಅದೇ ಟವರ್, ಅದೇ ತರಂಗ. ಜನ ಕಿಕ್ಕಿರಿದ ಜಾಗದಲ್ಲಿ ಕೆಲವು ಕಂಪನಿಗಳು ದುಬಾರಿ ಪ್ಲಾನ್‌ನವರ ಡೇಟಾವನ್ನು ಮುಂದೆ ಬಿಡುವುದುಂಟು. ಆಗ ನಿಮ್ಮ ವೇಗ ಕುಸಿಯಬಹುದು, ಸಿಗ್ನಲ್ ಕಡ್ಡಿ ಕಡಿಮೆಯಾಗುವುದಿಲ್ಲ.

ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ಹೊಸ ಫೋನ್ ಫ್ರೀ ಕೊಡುತ್ತಾರಂತೆ. ಪ್ರೀಪೇಯ್ಡ್‌ನಲ್ಲಿ ಏನೂ ಕೊಡುವುದಿಲ್ಲ. ಕರಾರೇ ಲಾಭ ಅಲ್ವಾ?

ಇದೇ ಆ ಪ್ರಶ್ನೆ. ಯಾರೂ ನಿಮಗೆ ಫೋನ್ ಫ್ರೀ ಕೊಡುವುದಿಲ್ಲ. ಇಲ್ಲಿ ಎರಡು ವ್ಯಾಪಾರ ನಡೆಯುತ್ತಿದೆ. ಒಂದು, ಫೋನಿನ ಸಾಲ. ಇನ್ನೊಂದು, ಕರೆ ಮತ್ತು ಡೇಟಾದ ಬಾಡಿಗೆ. ಎರಡನ್ನೂ ಒಂದೇ ಬಿಲ್‌ನಲ್ಲಿ ಕಲಸಿ ಕೊಟ್ಟಾಗ ಯಾವುದಕ್ಕೆ ಎಷ್ಟು ಹೋಯಿತು ಎಂದು ನಿಮಗೆ ಕಾಣುವುದಿಲ್ಲ. ಕಾಣದಿರಲಿ ಅಂತಲೇ ಕಲಸುವುದು.

ಬಿಡಿಸಿ ನೋಡೋಣ. ನಿಮ್ಮ ದೇಶದ ಹಣ ಯಾವುದಾದರೂ ಇರಲಿ, ಲೆಕ್ಕ ಒಂದೇ. ಫೋನ್ ಸೇರಿದ ಕರಾರು ತಿಂಗಳಿಗೆ 2,000 ಅಂದುಕೊಳ್ಳಿ. ಅಷ್ಟೇ ಡೇಟಾ, ಅಷ್ಟೇ ಕರೆ ಕೊಡುವ ಬರೀ ಸಿಮ್‌ನ ಪ್ಲಾನ್ 800. ವ್ಯತ್ಯಾಸ 1,200. ಅದನ್ನು 24 ತಿಂಗಳಿಗೆ ಗುಣಿಸಿದರೆ 28,800. ಅದೇ ಫೋನ್ ಹೊರಗೆ ಪೂರ್ತಿ ಹಣ ಕೊಟ್ಟರೆ 24,000ಕ್ಕೆ ಸಿಗುತ್ತದೆ ಅನ್ನಿ. ನಿಮ್ಮ 'ಫ್ರೀ' ಫೋನ್‌ಗೆ 4,800 ಜಾಸ್ತಿ ಕೊಟ್ಟಿರಿ. ಸಾಲದ ಭಾಷೆಯಲ್ಲಿ ಹೇಳುವುದಾದರೆ ತಿಂಗಳಿಗೆ ನೂರಕ್ಕೆ ಸುಮಾರು ಒಂದೂವರೆ ಬಡ್ಡಿ. ಈ ದರಕ್ಕೆ ಕೈಸಾಲ ಕೇಳಿದರೆ ನೀವು ಹತ್ತು ಸಲ ಯೋಚಿಸುತ್ತೀರಿ. ಫ್ರೀ ಅಂದ ಕೂಡಲೇ ಪೆನ್ನು ತೆಗೆಯುತ್ತೀರಿ.

ಲೆಕ್ಕ ಉಲ್ಟಾ ಬರುವುದೂ ಉಂಟು. ವ್ಯತ್ಯಾಸವನ್ನು ಗುಣಿಸಿದಾಗ ಫೋನಿನ ಬೆಲೆಗಿಂತ ಕಡಿಮೆ ಬಂದರೆ ಕಂಪನಿ ನಿಜಕ್ಕೂ ಕೈಯಿಂದ ಹಾಕಿ ಕೊಡುತ್ತಿದೆ, ಧಾರಾಳವಾಗಿ ತೆಗೆದುಕೊಳ್ಳಿ. ನನ್ನ ತಕರಾರು ಕರಾರಿನ ಮೇಲಲ್ಲ, ಗುಣಾಕಾರ ಮಾಡದೆ ಸಹಿ ಹಾಕುವುದರ ಮೇಲೆ. ಮಾಡುವಾಗ ಫೋನಿಗೆ ಅಂಗಡಿಯವರು ಹೇಳುವ 'ಮೂಲ ಬೆಲೆ' ಹಿಡಿಯಬೇಡಿ. ಬೇರೆ ಕಡೆ ಇವತ್ತು ಎಷ್ಟಕ್ಕೆ ಸಿಗುತ್ತದೋ ಅದನ್ನು ಹಿಡಿಯಿರಿ.

ಇನ್ನು 25ನೇ ತಿಂಗಳು. ಜನ ಮೋಸ ಹೋಗುವುದು ಇಲ್ಲೇ. ಫೋನಿನ ಸಾಲ ತೀರಿದೆ, ಆದರೂ ಹಳೆಯ ಮಾದರಿಯ ಕರಾರಿನಲ್ಲಿ ಬಿಲ್ ತನ್ನಷ್ಟಕ್ಕೆ ಇಳಿಯುವುದಿಲ್ಲ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ. ತಿಂಗಳು ತಿಂಗಳೂ ಅದೇ 1,200, ಈ ಸಲ ಯಾವುದಕ್ಕೂ ಅಲ್ಲ. ನಾನು ಕೆಲಸದಲ್ಲಿದ್ದಾಗ ಮೂರು ವರ್ಷ ಹೀಗೆ ಕಟ್ಟಿದವರೊಬ್ಬರ ಖಾತೆ ನೋಡಿದ್ದೆ. ಅಷ್ಟರಲ್ಲಿ ಅವರು ಆ ಫೋನ್ ಕಳೆದುಕೊಂಡೂ ಆಗಿತ್ತು! ಕರಾರು ಮುಗಿಯುವ ತಾರೀಖನ್ನು ಸಹಿ ಹಾಕಿದ ದಿನವೇ ಕ್ಯಾಲೆಂಡರ್‌ನಲ್ಲಿ ಬರೆಯಿರಿ, ಒಂದು ತಿಂಗಳು ಮುಂಚೆಯೇ ನೆನಪಿಸುವ ಹಾಗೆ. ಕೆಲವು ಕಡೆ ಗಡುವಿನೊಳಗೆ ಬೇಡ ಎಂದು ತಿಳಿಸದಿದ್ದರೆ ಕರಾರು ಮತ್ತೆ ಒಂದು ವರ್ಷ ಮುಂದುವರಿಯುತ್ತಿತ್ತು. ಜರ್ಮನಿಯಲ್ಲಿ ಈ ಕಾಟ ಎಷ್ಟಾಯಿತೆಂದರೆ 2021ರ ಡಿಸೆಂಬರ್‌ನಿಂದ ಕಾನೂನೇ ಬದಲಾಯಿತು. ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಬರಬಹುದು.

ಅಮೆರಿಕದಲ್ಲಿ ಟಿ-ಮೊಬೈಲ್ ಕಂಪನಿ 2013ರಲ್ಲಿ ಎರಡು ವರ್ಷದ ಕರಾರು ಕೈಬಿಟ್ಟು ಫೋನಿನ ಕಂತು, ಪ್ಲಾನಿನ ಹಣ ಎರಡನ್ನೂ ಬೇರೆ ಮಾಡಿತು. ಉಳಿದವರೂ ಹಿಂದೆಯೇ ಬಂದರು. ಒಳ್ಳೆಯದೇ ಆಯಿತು ಅಂದುಕೊಂಡೆವು. ಈಗ ಅದಕ್ಕೂ ಹೊಸ ವೇಷ ಬಂದಿದೆ. ಫೋನಿನ ಬೆಲೆಯನ್ನು 36 ಕಂತು ಮಾಡುತ್ತಾರೆ, ಪ್ರತಿ ತಿಂಗಳು ಆ ಕಂತಿನಷ್ಟೇ 'ರಿಯಾಯಿತಿ' ಎಂದು ಬಿಲ್‌ನಲ್ಲಿ ಕಳೆಯುತ್ತಾರೆ. ಫ್ರೀ ಆದ ಹಾಗೇ ಕಾಣುತ್ತದೆ. ಆದರೆ 15ನೇ ತಿಂಗಳಲ್ಲಿ ಬೇರೆ ಕಂಪನಿಗೆ ಹೋಗುತ್ತೇನೆ ಅನ್ನಿ, ರಿಯಾಯಿತಿ ಅಲ್ಲಿಗೇ ನಿಲ್ಲುತ್ತದೆ, ಉಳಿದ 21 ಕಂತು ನಿಮ್ಮ ತಲೆಗೆ. ಕರಾರು ಎಂಬ ಹೆಸರಿಲ್ಲ, ಹಗ್ಗ ಮಾತ್ರ ಒಂದು ವರ್ಷ ಉದ್ದವಾಗಿದೆ.

ನನ್ನನ್ನು ಕೇಳಿದರೆ, ಫೋನ್ ಪೂರ್ತಿ ಹಣ ಕೊಟ್ಟು ಕೊಳ್ಳಿ. ಆಗದಿದ್ದರೆ ಇನ್ನೊಂದು ದರ್ಜೆ ಕೆಳಗಿನದ್ದು ಕೊಳ್ಳಿ. ಸಿಮ್ ಬೇರೆ ತೆಗೆದುಕೊಳ್ಳಿ. ಸಾಲ ಕಂಡರೆ ಹೆದರುವ ಮನುಷ್ಯ ನಾನು, ಈ ಸಲಹೆಯಲ್ಲಿ ಆ ಹೆದರಿಕೆಯೂ ಸೇರಿದೆ ಎಂದು ಬೇಕಾದರೆ ಅಂದುಕೊಳ್ಳಿ.

28 ದಿನದ ಪ್ಲಾನ್, ತಿಂಗಳ ಪ್ಲಾನ್ ಎರಡೂ ಒಂದೇ ತಾನೇ?

ಅಲ್ಲ. 365ನ್ನು 28ರಿಂದ ಭಾಗಿಸಿ. ವರ್ಷಕ್ಕೆ 13 ರೀಚಾರ್ಜ್. 28 ದಿನಕ್ಕೆ 260 ಕೊಟ್ಟರೆ ವರ್ಷಕ್ಕೆ 3,380. ತಿಂಗಳಿಗೆ 280 ಕೊಟ್ಟರೆ 3,360. 'ಅಗ್ಗದ್ದು' ಯಾವುದು ಈಗ ಹೇಳಿ. ಇಟಲಿಯಲ್ಲಿ ಕಂಪನಿಗಳೆಲ್ಲ ತಿಂಗಳ ಬಿಲ್ಲನ್ನೇ 28 ದಿನಕ್ಕೆ ಇಳಿಸಿ ಕೂತಾಗ ಜನ ರೇಗಿದರು. 2017ರಲ್ಲಿ ಕಾನೂನು ತಂದು ತಿಂಗಳಿಗೇ ಬಿಲ್ ಮಾಡಿ ಎಂದು ಹೇಳಬೇಕಾಯಿತು.

ಕರಾರಿನಲ್ಲಿ ದರ ಎರಡು ವರ್ಷ ಏರುವುದಿಲ್ಲ ಅಲ್ವಾ?

ಹಾಗೆಂದು ಬರೆದಿದ್ದರೆ ಏರುವುದಿಲ್ಲ. ಬರೆದಿದೆಯೇ ನೋಡಿ.

ಪ್ರೀಪೇಯ್ಡ್‌ನಲ್ಲಿ ಹಣ ಮುಗಿದ ಕೂಡಲೇ ಎಲ್ಲ ನಿಂತುಹೋಗುತ್ತದೆ. ಇದು ದೊಡ್ಡ ತೊಂದರೆ ಅಲ್ಲವೇ?

ಅದೇ ಅದರ ದೊಡ್ಡ ಗುಣ ಮಾರಾಯರೇ! ನಾನೇ ಒಮ್ಮೆ ಪರದೇಶಕ್ಕೆ ಹೋದಾಗ ರೋಮಿಂಗ್ ಆಫ್ ಮಾಡದೆ ಮಲಗಿದ್ದೆ. ನನ್ನದು ತಿಂಗಳ ಬಿಲ್‌ನ ಸಿಮ್. ಫೋನು ರಾತ್ರಿಯಿಡೀ ಫೋಟೊಗಳನ್ನು ತಾನಾಗಿ ಅಪ್‌ಲೋಡ್ ಮಾಡುತ್ತಾ ಕೂತಿತ್ತು. ಬಿಲ್ ಬಂತು. ಬಿಲ್ಲಿಂಗ್ ವಿಭಾಗದವನಾಗಿ ಯಾರ ಹತ್ತಿರ ಹೇಳಿಕೊಳ್ಳಲಿ? ತೆಪ್ಪಗೆ ಕಟ್ಟಿದೆ. ಇಂಥ ಬಿಲ್‌ಗಳು ಎಷ್ಟು ಮನೆ ಮುರಿದವೆಂದರೆ ಯುರೋಪಿಯನ್ ಒಕ್ಕೂಟ 2010ರಲ್ಲಿ ರೋಮಿಂಗ್ ಡೇಟಾಕ್ಕೆ ತಿಂಗಳಿಗೆ 50 ಯೂರೋ ಮಿತಿ ಹಾಕಿತು. ಗ್ರಾಹಕರು ಒಪ್ಪಿಗೆ ಕೊಡದೆ ಅದನ್ನು ದಾಟುವಂತಿಲ್ಲ. ಪ್ರೀಪೇಯ್ಡ್‌ಗೆ ಆ ಮಿತಿ ಹುಟ್ಟಿನಿಂದಲೇ ಇದೆ. ಹದಿಹರೆಯದ ಮಕ್ಕಳಿಗೆ ಮತ್ತು ಪ್ರಯಾಣಕ್ಕೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

'ಅನ್‌ಲಿಮಿಟೆಡ್' ಅಂದರೆ ಎಷ್ಟು?

ಸಣ್ಣ ಅಕ್ಷರದಲ್ಲಿ ಬರೆದಷ್ಟು.

ಎರಡನೇ ಪ್ರೀಪೇಯ್ಡ್ ನಂಬರ್‌ಗೆ ಒಂದು ವರ್ಷದಿಂದ ರೀಚಾರ್ಜ್ ಮಾಡಿಲ್ಲ. ಪರವಾಗಿಲ್ಲವೇ?

ಆ ನಂಬರ್ ಈಗ ಬೇರೆಯವರ ಜೇಬಿನಲ್ಲಿರಬಹುದು. ಬಳಸದ ನಂಬರನ್ನು ಕಂಪನಿಗಳು ವಾಪಸ್ ಪಡೆದು ಇನ್ನೊಬ್ಬರಿಗೆ ಕೊಡುತ್ತವೆ. ಬ್ಯಾಂಕ್‌ಗೆ ಕೊಟ್ಟಿದ್ದು ಅದೇ ನಂಬರ್ ಆಗಿದ್ದರೆ ಇವತ್ತೇ ಬದಲಾಯಿಸಿ.

ಒಂದು ಗುಟ್ಟಿನ ಕೋಡ್ ಒತ್ತಿದರೆ ಫ್ರೀ ಡೇಟಾ ಬರುತ್ತದೆ ಎಂಬ ವಿಡಿಯೋ ನೋಡಿದೆ. ಯಾವ ಕೋಡ್?

ಇಂಥ ವಿಡಿಯೋ ಮಾಡುವವರನ್ನು ಬೈಯಲು ನನಗೆ ಪದ ಸಾಲದು, ನಂಬುವವರನ್ನೂ ಸ್ವಲ್ಪ ಬೈಯಬೇಕು. ಫ್ರೀ ಡೇಟಾ ಕೊಡುವ ಗುಟ್ಟಿನ ಕೋಡ್ ಇಲ್ಲವೇ ಇಲ್ಲ. ಇರುವುದು ಬೇರೆ. 'ಸ್ಟಾರ್ ಸ್ಟಾರ್ 21 ಸ್ಟಾರ್' ಒತ್ತಿ, ಮುಂದೆ ಒಂದು ಫೋನ್ ನಂಬರ್ ಹಾಕಿ, ಹ್ಯಾಶ್ ಒತ್ತಿ ಡಯಲ್ ಮಾಡಿಸುತ್ತಾರೆ. ಅದು ನಿಮ್ಮ ಕರೆಗಳನ್ನೆಲ್ಲ ಆ ನಂಬರ್‌ಗೆ ತಿರುಗಿಸುವ ಕೋಡ್. ಆಮೇಲೆ ಒಟಿಪಿಯನ್ನು ಕರೆ ಮಾಡಿ ಹೇಳುವ ಕಡೆಗಳಿಂದೆಲ್ಲ ಕರೆ ಹೋಗುವುದು ಅವರಿಗೆ. ಈಗಾಗಲೇ ಒತ್ತಿದ್ದರೆ ನಾಚಿಕೊಂಡು ಕೂರಬೇಡಿ, 'ಹ್ಯಾಶ್ ಹ್ಯಾಶ್ 002 ಹ್ಯಾಶ್' ಡಯಲ್ ಮಾಡಿ. ಬಹುತೇಕ ನೆಟ್‌ವರ್ಕ್‌ಗಳಲ್ಲಿ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಆಮೇಲೆ ಬ್ಯಾಂಕ್ ಖಾತೆ ನೋಡಿಕೊಳ್ಳಿ.