ಪೆಡಲ್ ಸ್ಟೀಲ್ ಪಾಠ: ಮೇಷ್ಟ್ರಿಗೆ ನೀವು ಕೇಳಿಸುತ್ತಿದ್ದೀರಾ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಮಾಮೂಲಿ ಗಿಟಾರ್ ಚೆನ್ನಾಗಿಯೇ ನುಡಿಸುತ್ತೇನೆ. ಹಳೇ ಕಂಟ್ರಿ ಹಾಡುಗಳೆಂದರೆ ಪ್ರಾಣ. ಈಗ ಪೆಡಲ್ ಸ್ಟೀಲ್ ಗಿಟಾರ್ ಕಲಿಯುವ ಹುಚ್ಚು ಹತ್ತಿದೆ. ಇಲ್ಲಿ ಹೇಳಿಕೊಡುವವರು ಯಾರೂ ಇಲ್ಲ. ಅಮೆರಿಕದ ನ್ಯಾಶ್‌ವಿಲ್‌ನ ಒಬ್ಬರು ಆನ್‌ಲೈನ್‌ನಲ್ಲಿ ಒಬ್ಬೊಬ್ಬರಿಗೇ ಪಾಠ ಮಾಡುತ್ತಾರೆ. ಫೀಸು ಜಾಸ್ತಿನೇ. ನಮ್ಮೂರಿನ ನೆಟ್‌ವರ್ಕ್ ನಿಮಗೆ ಗೊತ್ತಲ್ಲ. ದುಡ್ಡು ಹಾಕಬಹುದಾ, ಯೂಟ್ಯೂಬೇ ಸಾಕಾ?

ಉತ್ತರ: ಹಾಕಬಹುದು. ಆದರೆ ದುಡ್ಡು ಯಾವುದಕ್ಕೆ ಹೋಗುತ್ತಿದೆ ಅಂತ ತಿಳಿದು ಹಾಕಿ. ನುಡಿಸಿ ತೋರಿಸುವ ವಿಡಿಯೊ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ನೀವು ನುಡಿಸಿದ್ದನ್ನು ಅದು ಕೇಳುವುದಿಲ್ಲ, ತಿದ್ದುವುದೂ ಇಲ್ಲ. ಫೀಸು ಕೊಡುವುದು ಮೇಷ್ಟ್ರ ಕಿವಿಗೆ. ಹಾಗಾಗಿ ಅವರ ಸದ್ದು ನಿಮಗೆ ಹೇಗೆ ಬರುತ್ತದೆ ಅನ್ನುವುದಕ್ಕಿಂತ, ನಿಮ್ಮ ಸದ್ದು ಅವರಿಗೆ ಹೇಗೆ ಹೋಗುತ್ತದೆ ಅನ್ನುವುದೇ ಮುಖ್ಯ. ಹೆಚ್ಚಿನವರು ಇದಕ್ಕೆ ತಲೆಯೇ ಕೆಡಿಸಿಕೊಳ್ಳುವುದಿಲ್ಲ.

ಈ ವಾದ್ಯಕ್ಕೆ ತಿದ್ದುವವರು ಬೇಕೇ ಬೇಕು. 10 ತಂತಿ, 3 ಪೆಡಲ್, ಮೊಣಕಾಲಿನಿಂದ ತಳ್ಳುವ 4 ಅಥವಾ 5 ಲಿವರ್ (ನೀ ಲಿವರ್). ಪೆಡಲ್, ಲಿವರ್ ಒತ್ತಿದರೆ ಕೆಲವು ತಂತಿಗಳ ಶ್ರುತಿ ಬದಲಾಗುತ್ತದೆ. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳಿಗೆ ಪಿಕ್. ಎಡಗಾಲು ಪೆಡಲ್ ಮೇಲೆ, ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಎರಡು ಮೊಣಕಾಲಿಗೂ ಬೇರೆ ಕೆಲಸ. ಫ್ರೆಟ್ ಅನ್ನುವುದು ಬರೀ ಗೆರೆ, ಬಾರ್ ಕೂದಲೆಳೆ ಜರುಗಿದರೂ ಶ್ರುತಿ ತಪ್ಪುತ್ತದೆ. ಕೈಕಾಲು ಎಲ್ಲ ಕೆಲಸದಲ್ಲಿರುವಾಗ ಶುರುವಿನಲ್ಲಿ ನಮ್ಮ ತಪ್ಪು ನಮಗೇ ಕೇಳಿಸುವುದಿಲ್ಲ.

ಎರಡು ತಪ್ಪು ಎಲ್ಲರಲ್ಲೂ ಇರುತ್ತವೆ. ಒಂದು, ಹಿಂದಿನ ತಂತಿಯ ಸದ್ದು ನಿಲ್ಲಿಸದೆ ಮುಂದಿನದನ್ನು ಮೀಟುವುದು. ಬಲಗೈ ಅಂಚು ತಂತಿಯ ಮೇಲೆ ಕೂತು, ಸದ್ದು ನಿಲ್ಲಿಸಿ ಏಳಬೇಕು. ಇನ್ನೊಂದು, ವಾಲ್ಯೂಮ್ ಪೆಡಲನ್ನು ತಾಳ ಹಾಕಿದ ಹಾಗೆ ತುಳಿಯುವುದು. ಅದು ಇರುವುದು ತಾಳಕ್ಕಲ್ಲ. ಅರ್ಧ ತುಳಿದಲ್ಲಿಂದ ಮೀಟಿ, ಸದ್ದು ಇಳಿಯುತ್ತಾ ಬಂದ ಹಾಗೆ ಪಾದ ನಿಧಾನಕ್ಕೆ ಒತ್ತಬೇಕು. ಆಗ ಸ್ವರ ಇಳಿಯದೆ ಎಳೆಯುತ್ತದೆ. ಸ್ಟೀಲ್ ಹಾಡುತ್ತದೆ ಅನ್ನುವುದು ಇದಕ್ಕೇ.

ಈಗ ತೊಂದರೆ ನೋಡಿ. ಜೂಮ್‌ನಂಥ ಆ್ಯಪ್‌ಗಳನ್ನು ಮಾಡಿರುವುದು ಮಾತಿಗೆ. ಹೀಗೆ ಒಂದೇ ಸಮ ಎಳೆಯುವ ಸ್ವರವನ್ನು ಅವು ಫ್ಯಾನಿನ ಸದ್ದು ಅಂದುಕೊಂಡು ಕತ್ತರಿಸಿಬಿಡುತ್ತವೆ. ನೀವು ಚೆನ್ನಾಗಿ ಎಳೆದಷ್ಟೂ ಅತ್ತ ಏನೂ ಕೇಳಿಸುವುದಿಲ್ಲ! ಜೂಮ್ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್' ಆನ್ ಮಾಡಿ. ಎಕೋ ಕ್ಯಾನ್ಸಲೇಶನ್ ಆಫ್ ಮಾಡಿ ಹೆಡ್‌ಫೋನ್ ಹಾಕಿಕೊಳ್ಳಿ. ಗಿಟಾರಿನ ಸದ್ದನ್ನು ನೇರ ಕಂಪ್ಯೂಟರಿಗೆ ಕೊಡುವ ಒಂದು ಸಾದಾ ಆಡಿಯೊ ಇಂಟರ್‌ಫೇಸ್ ಕೊಂಡರೆ ಇನ್ನೂ ಒಳ್ಳೆಯದು.

ಕ್ಯಾಮೆರಾ ಎರಡು ಬೇಕು. ಒಂದು ಮೇಲಿಂದ ಬಾರ್ ಮತ್ತು ಬಲಗೈ ತೋರಿಸಲಿ. ಇನ್ನೊಂದನ್ನು ನೆಲದಲ್ಲಿಟ್ಟು ಪಾದ, ಮೊಣಕಾಲು ಕಾಣುವ ಹಾಗೆ ತಿರುಗಿಸಿ. ಮನೆಯಲ್ಲಿ ಬಿದ್ದಿರುವ ಹಳೇ ಮೊಬೈಲ್ ಸಾಕು, ಮೈಕ್ ಆಫ್ ಮಾಡಿ ಅದೇ ಮೀಟಿಂಗ್‌ಗೆ ಸೇರಿಸಿದರಾಯಿತು. ಗಿಟಾರಿನ ಅಡಿ ಕತ್ತಲು, ಅಲ್ಲೊಂದು ಚಿಕ್ಕ ಲೈಟ್ ಇಡಿ. ನಿಮ್ಮ ಮುಖ ಕಾಣದಿದ್ದರೆ ಯಾರಿಗೂ ನಷ್ಟವಿಲ್ಲ.

ಮೇಷ್ಟ್ರ ಜೊತೆ ಒಟ್ಟಿಗೆ ನುಡಿಸುವ ಆಸೆ ಬಿಡಿ. ಸದ್ದು ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ತಾಳ ತಪ್ಪಿರುತ್ತದೆ. ಅವರೊಮ್ಮೆ, ನೀವೊಮ್ಮೆ.

ನೆಟ್‌ವರ್ಕ್ ವಿಷಯ. ಸ್ಪೀಡ್ ಟೆಸ್ಟ್ ಮಾಡಿದಾಗ ಎಲ್ಲರೂ ಡೌನ್‌ಲೋಡ್ ನೋಡಿ ಖುಷಿಪಡುತ್ತಾರೆ. ನಿಮಗೆ ಬೇಕಾದ್ದು ಅಪ್‌ಲೋಡ್. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ, ರೂಟರ್ ಇನ್ವರ್ಟರ್ ಲೈನಿನಲ್ಲಿರಲಿ. ಜೂನ್, ಜುಲೈ ಮಳೆಯಲ್ಲಿ ಕಂಬ ಬಿದ್ದು ಕರೆಂಟೂ ಹೋಗಿ ಲೈನೂ ಹೋದರೆ ಇದ್ಯಾವುದೂ ನಡೆಯುವುದಿಲ್ಲ, ಆ ಮಾತು ಬೇರೆ. ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿಕೊಳ್ಳಿ: ಮಳೆಗಾಲದಲ್ಲಿ ಸಿಗ್ನಲ್ ಸಿಕ್ಕಾಗ ಐದು ನಿಮಿಷದ ರೆಕಾರ್ಡಿಂಗ್ ಕಳಿಸುತ್ತೇನೆ, ಪಾಠದಲ್ಲಿ ಬರೀ ಆಡಿಯೊದಲ್ಲಿ ಅದನ್ನೇ ತಿದ್ದಿ ಅಂತ. ರೆಕಾರ್ಡಿಂಗ್‌ನಲ್ಲಿ ಸದ್ದು ತುಂಡಾಗುವುದಿಲ್ಲ. ನನ್ನ ಕೇಳಿದರೆ ಮಳೆಗಾಲಕ್ಕೆ ಮಾತ್ರವಲ್ಲ, ವರ್ಷವಿಡೀ ಇದೇ ಒಳ್ಳೆಯ ಪದ್ಧತಿ. ಕರೆಂಟ್ ಹೋಗಿ ತಪ್ಪಿದ ಪಾಠವನ್ನು ಮುಂದಕ್ಕೆ ಹಾಕುತ್ತಾರಾ ಅಂತಲೂ ಕೇಳಿ. ಅದು ಗೊತ್ತಾಗದೆ ಒಟ್ಟಿಗೆ ಹತ್ತು ಪಾಠದ ಫೀಸು ಕಟ್ಟಬೇಡಿ.

ಸಮಯವನ್ನೂ ಲೆಕ್ಕ ಹಾಕಿ. ನಮ್ಮ ಬೆಳಿಗ್ಗೆ 7 ಅಂದರೆ ನ್ಯಾಶ್‌ವಿಲ್‌ನಲ್ಲಿ ಚಳಿಗಾಲದಲ್ಲಿ ಹಿಂದಿನ ದಿನದ ಸಂಜೆ 7.30. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದೆ ಮಾಡುತ್ತಾರೆ, ಆಗ ರಾತ್ರಿ 8.30 ಆಗುತ್ತದೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ನಿಮಗೆ ಬಿಡುವೆಲ್ಲಿ? ಆಗ ನಮ್ಮ ರಾತ್ರಿ 8.30 ಇಟ್ಟುಕೊಳ್ಳಿ, ಅವರಿಗೆ ಬೆಳಿಗ್ಗೆ 9.

ಕೊನೆಗೆ ವಾದ್ಯ. ಕೊಳ್ಳುವ ಮೊದಲೇ ಮೊದಲ ಪಾಠ ತಗೊಳ್ಳಿ, ಆ ಪಾಠ ಪೂರ್ತಿ ಏನು ಕೊಳ್ಳಬೇಕು ಅನ್ನುವುದಕ್ಕೇ ಹೋಗಲಿ. ಇ9 ಟ್ಯೂನಿಂಗ್ (ಕಂಟ್ರಿ ಹಾಡಿಗೆ ಬಳಸುವ ಶ್ರುತಿ ಕ್ರಮ), 3 ಪೆಡಲ್, ಕಡಿಮೆ ಅಂದರೂ 4 ಲಿವರ್ ಇರಲಿ. ಒಂದೇ ಲಿವರ್‌ನ ಅಗ್ಗದ ಹಳೇ ಮಾಲಿನಲ್ಲಿ ಈಗಿನ ಪಾಠಗಳು ನಡೆಯುವುದಿಲ್ಲ. ಪೆಡಲ್ ಜೋಡಣೆಯಲ್ಲಿ ಎಮನ್ಸ್ ಮತ್ತು ಡೇ ಅಂತ ಎರಡು ಕ್ರಮ ಇವೆ, ಒಂದು ಇನ್ನೊಂದರ ತಿರುವುಮುರುವು. ಮೇಷ್ಟ್ರದು ಯಾವುದೋ ನಿಮ್ಮದೂ ಅದೇ ಆಗಲಿ. ಕೇಸ್ ಸಮೇತ ಭಾರ ಸಲೀಸಾಗಿ 15 ಕಿಲೊ ದಾಟುತ್ತದೆ. ಸಾಗಣೆ, ಕಸ್ಟಮ್ಸ್ ಎರಡನ್ನೂ ಸೇರಿಸಿ ಬೆಲೆ ನೋಡಿ.

ಪ್ರಶ್ನೆ: ವಿರಾಜಪೇಟೆಯಲ್ಲಿದ್ದೇವೆ. ಅಣ್ಣ ವಿದೇಶದಿಂದ ತಂದ ಪೆಡಲ್ ಸ್ಟೀಲ್ ಇದೆ. ಮಳೆಗಾಲದಲ್ಲಿ ತಂತಿಗೆ ತುಕ್ಕು, ಪೆಡಲ್ ಬಿಗಿ. ಏನು ಮಾಡೋದು?

ಉತ್ತರ: ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಲ್ಲಿ ತಂತಿ ಒರೆಸಿ. ಸ್ಟ್ಯಾಂಡಿನಲ್ಲೇ ಬಿಡದೆ ಕೇಸಿನೊಳಗೆ ಸಿಲಿಕಾ ಜೆಲ್ ಹಾಕಿ ಇಡಿ. ಕೇಸನ್ನು ಹೊರಗೋಡೆಗೆ ತಾಗಿಸಬೇಡಿ. ಅಡಿಯಲ್ಲಿ ಸರಳು ತಿರುಗುವ ಜಾಗಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ತೊಟ್ಟು ಸಾಕು. ಸ್ಪ್ರೇ ಹೊಡೆದರೆ ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ಇ9ನಲ್ಲಿ ಜಾಸ್ತಿ ಕಡಿಯುವುದು 3ನೇ ತಂತಿ. 0.011 ಇಂಚಿನ ಆ ತೆಳ್ಳಗಿನ ತಂತಿಯನ್ನೇ ಹೆಚ್ಚು ತರಿಸಿಡಿ. ಏಪ್ರಿಲ್, ಮೇ ಗುಡುಗಿಗೆ ಆ್ಯಂಪ್‌ನ ಪ್ಲಗ್ ಕೀಳುವುದನ್ನು ಮರೆಯಬೇಡಿ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. ಕರ್ನಾಟಕ ಸಂಗೀತದಲ್ಲಿ ವೀಣೆ ಕಲಿತಿದ್ದೇನೆ. ಪೆಡಲ್ ಸ್ಟೀಲ್‌ಗೆ ಇದು ನೆರವಾಗುತ್ತದಾ?

ಉತ್ತರ: ಕಿವಿಗೆ ನೆರವು, ಕೈಗೆ ಸ್ವಲ್ಪ ತೊಡಕು. ಸ್ಟೀಲ್ ನುಡಿಸುವವರಲ್ಲಿ ಅನೇಕರು ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಗಾಂಧಾರವನ್ನು ಟ್ಯೂನರ್ ಮುಳ್ಳಿಗಿಂತ ಕೊಂಚ ತಗ್ಗಿಸಿ ಇಡುತ್ತಾರೆ. ತಂಬೂರಿ ಜೊತೆ ಹಾಡುವ ಅಂತರ ಗಾಂಧಾರವೂ ಪಿಯಾನೊ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಪಿಯಾನೊದ ಅಕ್ಕಪಕ್ಕದ ಎರಡು ಸ್ವರಗಳ ಅಂತರ 100 ಸೆಂಟ್) ತಗ್ಗಿನದೇ. ನಿಮ್ಮ ಕಿವಿಗೆ ಅದು ತಾನಾಗಿ ಸಿಗುತ್ತದೆ.

ತೊಡಕು ಗಮಕದ್ದು. ಸ್ಟೀಲ್‌ನ ಹಾಗೆ ಜಾರಿಸಿ ನುಡಿಸುವ ಚಿತ್ರವೀಣೆಯಲ್ಲಾಗಲಿ ಮೋಹನ ವೀಣೆಯಲ್ಲಾಗಲಿ ಪೆಡಲ್ ಇಲ್ಲ, ಜಾರುವುದೆಲ್ಲ ಕೈಯಿಂದಲೇ. ಇಲ್ಲಿ ಬಾರ್ ಸುಮ್ನೆ ನಿಂತಿರುತ್ತದೆ, ಕಾಲು ಒತ್ತಿದ ತಂತಿ ಮಾತ್ರ ಏರುತ್ತದೆ, ಉಳಿದವು ಇದ್ದಲ್ಲೇ. ಬಾರನ್ನು 3ನೇ ಫ್ರೆಟ್‌ನಲ್ಲಿಟ್ಟು 4, 5, 6ನೇ ತಂತಿ ಮೀಟಿ. ಸ, ಪ, ಗ ಕೇಳುತ್ತದೆ. ಮೂರು ಪೆಡಲ್‌ಗೆ ಎ, ಬಿ, ಸಿ ಅಂತ ಹೆಸರು. ಎ ಪೆಡಲ್ ಒತ್ತಿದರೆ ಪಂಚಮ ಏರಿ ಚತುಶ್ರುತಿ ಧೈವತ. ಬಿ ಪೆಡಲ್ ಒತ್ತಿದರೆ ಗಾಂಧಾರ ಏರಿ ಶುದ್ಧ ಮಧ್ಯಮ. ಷಡ್ಜ ಅಲ್ಲಾಡುವುದಿಲ್ಲ. ಎರಡನ್ನೂ ಒಟ್ಟಿಗೆ ಒತ್ತಿದರೆ ಜಿ ಕಾರ್ಡ್ ಸಿ ಕಾರ್ಡ್ ಆಗುವುದು ಇಷ್ಟರಲ್ಲೇ. ಎಡಗೈ ಕಂಪಿಸದೆ ಈ ಮೂರು ತಂತಿ ಶುದ್ಧವಾಗಿ ಕೇಳುವವರೆಗೆ ಮುಂದಿನ ಪಾಠ ಕೇಳಬೇಡಿ.