ಕತ್ತಿನ ಗಂಟಿಗೆ ಸೂಜಿ ಚುಚ್ಚಿದರೆ ಕೆರಳುತ್ತದಾ?

ಪ್ರಶ್ನೆ: ನನಗೆ 58 ವರ್ಷ. ಮಲ್ಪೆಯಲ್ಲಿ ಮೀನು ವ್ಯಾಪಾರ. ಕತ್ತಿನ ಹಿಂದೆ ನಾಲ್ಕು ಸೆಂಟಿಮೀಟರ್‌ನಷ್ಟು ಗಂಟು ಇದೆ, ನೋವಿಲ್ಲ. ಸೂಜಿ ಪರೀಕ್ಷೆಯಲ್ಲಿ ‘ಸ್ಪಿಂಡಲ್ ಸೆಲ್ ಲೈಪೋಮಾ ಇರಬಹುದು, ತೆಗೆದು ಬಯಾಪ್ಸಿ ಮಾಡಿಸಿ’ ಎಂದು ಬಂದಿದೆ. ಚುಚ್ಚಿಸಿದ್ದೇ ತಪ್ಪು, ಇನ್ನು ಕೆರಳಿ ಕ್ಯಾನ್ಸರ್ ಆಗುತ್ತದೆ ಅಂತ ಭಾವ ಹೆದರಿಸುತ್ತಿದ್ದಾರೆ. ನಿಜವಾ ಡಾಕ್ಟ್ರೇ?

ಉತ್ತರ: ಭಾವನವರಿಗೆ ಹೇಳಿ, ಚುಚ್ಚಿದ್ದಕ್ಕೆ ಸಾಧಾರಣ ಗಂಟು ಕ್ಯಾನ್ಸರ್ ಆಗುವುದಿಲ್ಲ. ಮಂಗಳೂರಿನ ನಮ್ಮ ಲ್ಯಾಬಿನಲ್ಲೂ ಈ ಮಾತು ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೇ. ಆ ಸೂಜಿ ರಕ್ತ ತೆಗೆಯುವ ಸೂಜಿಯಷ್ಟೇ ತೆಳು, ಕೆಲವೊಮ್ಮೆ ಇನ್ನೂ ಸಣ್ಣದು.

ಲೈಪೋಮಾ ಅಂದರೆ ಕೊಬ್ಬಿನ ಗಂಟು. ಅಂಥದ್ದಾದರೆ ಸ್ಲೈಡಿಗೆ ಹಚ್ಚುವಾಗಲೇ ಸುಳಿವು ಸಿಗುತ್ತದೆ. ಎಣ್ಣೆಯ ಹನಿಗಳು ಹೊಳೆಯುತ್ತವೆ, ಬೇಗ ಒಣಗುವುದಿಲ್ಲ. ಮಾಮೂಲಿ ಲೈಪೋಮಾದಲ್ಲಿ ಬರೀ ಕೊಬ್ಬಿನ ಕೋಶಗಳು. ನಿಮ್ಮದರಂಥದ್ದರಲ್ಲಿ ಅವುಗಳ ನಡುವೆ ಎರಡೂ ತುದಿ ಚೂಪಾದ ಉದ್ದ ಕೋಶಗಳು (ಅವೇ ಸ್ಪಿಂಡಲ್ ಸೆಲ್), ಜೊತೆಗೆ ತೆಂಗಿನ ನಾರಿನ ಹುರಿಯಂಥ ದಪ್ಪ ಕೊಲಾಜನ್ ಎಳೆಗಳು ಕಾಣುತ್ತವೆ. ಆ ಹುರಿ ಕಂಡರೆ ನನಗೆ ಅರ್ಧ ಸಮಾಧಾನ. ಈ ಬಗೆಯ ಗಂಟನ್ನು ಎನ್‌ಜಿಂಗರ್ ಮತ್ತು ಹಾರ್ವೆ ಎಂಬ ವೈದ್ಯರು 1975ರಲ್ಲಿ ವಿವರಿಸಿದರು. ಬರುವುದು ಹೆಚ್ಚಾಗಿ 45 ದಾಟಿದ ಗಂಡಸರಿಗೆ. ಕತ್ತಿನ ಹಿಂಭಾಗ, ಬೆನ್ನಿನ ಮೇಲ್ಭಾಗ, ಭುಜದಲ್ಲಿ. ನಿಮ್ಮ ವಯಸ್ಸೂ ಜಾಗವೂ ಸರಿಯಾಗಿ ಹೊಂದುತ್ತವೆ. (ಕೆಲವು ಡಾಕ್ಟರುಗಳು ಚೀಟಿಯಲ್ಲಿ ಸುಮ್ನೆ ‘ಗಂಟು’ ಅಂತ ಬರೆದು ಕಳಿಸುತ್ತಾರೆ. ಎಲ್ಲಿಯ ಗಂಟು ಅಂತ ನಾವು ಫೋನ್ ಮಾಡಿ ಕೇಳಬೇಕು!)

ಮತ್ತೆ ‘ಇರಬಹುದು’ ಯಾಕೆ? ಸೂಜಿಗೆ ಬರುವುದು ಗಂಟಿನ ಒಂದು ಚೂರು ಮಾತ್ರ. ನರದ ಗಂಟಿನಲ್ಲೂ ಉದ್ದ ಕೋಶಗಳಿರುತ್ತವೆ. ಕೊಬ್ಬಿನ ಕ್ಯಾನ್ಸರ್ ಲೈಪೋಸಾರ್ಕೋಮಾದಲ್ಲೂ ಕೆಲವೊಮ್ಮೆ ಇರುತ್ತವೆ. ಸಿಡಿ34 ಎಂಬ ವಿಶೇಷ ಬಣ್ಣದ ಪರೀಕ್ಷೆ ಸಹಾಯ ಮಾಡುತ್ತದೆ, ಆದರೆ ಅದಕ್ಕೆ ಸಾಕಷ್ಟು ಮಾದರಿ ಸಿಗಬೇಕು. ಇಡೀ ಗಂಟು ಕೈಗೆ ಬಂದರೆ ಅನುಮಾನಕ್ಕೆ ಜಾಗ ಕಡಿಮೆ.

ಸ್ಪಿಂಡಲ್ ಸೆಲ್ ಲೈಪೋಮಾವೇ ಆಗಿದ್ದರೆ ಬೇರೆ ಕಡೆ ಹರಡುವುದಿಲ್ಲ, ಪೂರ್ತಿ ತೆಗೆದ ಮೇಲೆ ಮರಳಿ ಬರುವುದೂ ಅಪರೂಪ. ಚರ್ಮದ ಕೆಳಗೇ ಇದ್ದರೆ ಸಣ್ಣ ಆಪರೇಷನ್. ಆಳದಲ್ಲಿದ್ದರೆ, ಇಲ್ಲವೇ ಬೇಗ ಬೇಗ ಬೆಳೆಯುತ್ತಿದ್ದರೆ, ಮೊದಲು ಎಂಆರ್‌ಐ ಬೇಕಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಸರ್ಜನ್‌ಗೆ ಮೊದಲೇ ತಿಳಿಸಿ. ಸೂಜಿಯ ಸ್ಲೈಡುಗಳನ್ನೂ ಜೊತೆಗೆ ಒಯ್ಯಿರಿ. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಿದರಾ ಅಂತ ನೀವೇ ಕೇಳಿ. ನೋಡಿದರೆ ಕೊಬ್ಬು ತಾನೇ ಅಂತ ಅದನ್ನು ಎಸೆಯಲು ಬಿಡಬೇಡಿ.

ಸರ್ಜನ್ ಅವಸರವಿಲ್ಲ ಅಂದರೆ ಜೂನ್-ಜುಲೈಯಲ್ಲಿ, ಬೋಟುಗಳು ದಡದಲ್ಲಿರುವಾಗ ಮಾಡಿಸಿಕೊಳ್ಳಿ. ಹೊಲಿಗೆ ಮಾಗುವವರೆಗೆ ಐಸ್ ಪೆಟ್ಟಿಗೆ ಎತ್ತುವ ಕೆಲಸ ಭಾವನವರಿಗೇ ಇರಲಿ.